ಅಮ್ಮನ ಮಂಡಿ, ರಾಜನ ಮೆಟ್ಟಿಲು

ಅಮ್ಮ ಬರ್ಲಿನ್ನಿಗೆ ಬಂದು 70 ದಿನವಾಯಿತು. ವೀಸಾ 90 ದಿನದ್ದು. ಇಷ್ಟು ದಿನದಲ್ಲಿ ಅವಳು ನೋಡಿದ್ದು ನಮ್ಮ ಬೀದಿಯ ತುದಿಯಲ್ಲಿರುವ ಟರ್ಕಿಯವರ ತರಕಾರಿ ಅಂಗಡಿ, ಮೊಮ್ಮಗನ ಶಿಶುವಿಹಾರದ ಗೇಟು, ಮತ್ತೆ ಒಂದು ಭಾನುವಾರ ಬ್ರಾಂಡೆನ್‌ಬರ್ಗ್ ಗೇಟು. ಈ ಎರಡನೆಯ ಗೇಟಿನ ಮುಂದೆ ನಿಂತು, "ಇದರ ಒಳಗೆ ಏನಿದೆ?" ಎಂದು ಕೇಳಿದಳು. ಒಳಗೆ ಏನೂ ಇಲ್ಲಮ್ಮ, ಇದೇ ಅದು ಎಂದೆ. "ಹೆಬ್ಬಾಗಿಲು ಕಟ್ಟಿಸಿ ಮನೆ ಕಟ್ಟಿಸುವುದನ್ನು ಮರೆತರೇನೋ" ಎಂದು ನಕ್ಕು, ಫೋಟೊ ತೆಗೆಸಿಕೊಂಡು, ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿದಳು.

ಊರಿಗೆ ಹೋದ ಮೇಲೆ ಯಾರಾದರೂ ಏನೇನು ನೋಡಿದೆ ಎಂದು ಕೇಳಿದರೆ ಏನು ಹೇಳುತ್ತಾಳೆ ಎಂಬ ಚಿಂತೆ ನನಗೆ, ಅವಳಿಗಲ್ಲ. "ಈ ದೇಶದಲ್ಲಿ ಅರಮನೆ ಇಲ್ಲವೇನೇ?" ಎಂದು ಅವಳು ಒಮ್ಮೆ ಕೇಳಿದ್ದನ್ನೇ ನೆಪ ಮಾಡಿಕೊಂಡು, ಪಾಟ್ಸ್‌ಡಾಮ್‌ಗೆ ಒಂದು ದಿನ ಹೋಗಿಬರೋಣ ಎಂದು ಗೊತ್ತುಮಾಡಿದೆ. ಬರ್ಲಿನ್ನಿನ ಮಗ್ಗುಲಲ್ಲೇ ನೈಋತ್ಯಕ್ಕಿರುವ ಊರು. ಹಿಂದೆ ಇಲ್ಲಿದ್ದ ಪ್ರಷ್ಯ ಎಂಬ ರಾಜ್ಯದ ಅರಸರು ಕಟ್ಟಿಸಿದ ಅರಮನೆ, ತೋಟ, ಕೆರೆ, ಮಂಟಪಗಳು ಅಲ್ಲಿ ಎಷ್ಟಿವೆಯೆಂದರೆ 1990ರಲ್ಲಿ ಅವನ್ನೆಲ್ಲ ಒಟ್ಟಾಗಿ ಯುನೆಸ್ಕೊ ಪಟ್ಟಿಗೆ ಸೇರಿಸಿಕೊಂಡಿತು. ಬಿಡಿಬಿಡಿಯಾಗಿ ಸೇರಿಸಲು ಹೊರಟಿದ್ದರೆ ಪುಟ ಸಾಲುತ್ತಿರಲಿಲ್ಲ.

ಎರಡು ಸಂಜೆ ಕೂತು ಪಟ್ಟಿ ಮಾಡಿದೆ. ಸಾನ್‌ಸುಸಿ ಅರಮನೆ, ಹೊಸ ಅರಮನೆ, ಚೀನಿ ಮನೆ, ಗಾಳಿಗಿರಣಿ, ಡಚ್ಚರ ಕೇರಿ, ರಷ್ಯನ್ನರ ಮರದ ಮನೆಗಳು, ಸಿಸಿಲಿಯನ್‌ಹೋಫ್ ಅರಮನೆ, ಗೂಢಚಾರರನ್ನು ಅದಲುಬದಲು ಮಾಡಿಕೊಂಡ ಗ್ಲೀನಿಕೆ ಸೇತುವೆ, ಐನ್‌ಸ್ಟೈನ್ ಗೋಪುರ. ಒಟ್ಟು 14. ಪ್ರತಿಯೊಂದರ ಎದುರಿಗೂ ನಿಮಿಷ ಹಾಕಿದ್ದೆ. ಕಚೇರಿಯಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿದ ಕೈ. ಹಳದಿ ಹಸಿರು ಬಣ್ಣ ಕೂಡ ತುಂಬಿದ್ದೆ. ಅಮ್ಮ ಕನ್ನಡಕ ಏರಿಸಿ, ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಕೂರುವುದು ಎಲ್ಲಿ ಎಂದು ಬರೆದೇ ಇಲ್ಲವಲ್ಲ" ಎಂದಳು.

ಅಷ್ಟೇ ಅಲ್ಲ, ನಾನು ಆರಿಸಿದ್ದ ದಿನ ಸೋಮವಾರ. ಆ ದಿನ ಕಚೇರಿಗೆ ರಜೆ ಸಿಗುತ್ತಿತ್ತು, ಜನ ಕಡಿಮೆ ಇರುತ್ತಾರೆ ಎಂದು ಬೇರೆ ಹೆಮ್ಮೆಪಟ್ಟುಕೊಂಡಿದ್ದೆ. ಜನ ಕಡಿಮೆ ಇರಲು ಕಾರಣ, ಸೋಮವಾರ ಸಾನ್‌ಸುಸಿ ಅರಮನೆಯ ಬಾಗಿಲು ಹಾಕಿರುತ್ತದೆ. ಹೊಸ ಅರಮನೆಗೆ ಮಂಗಳವಾರ ರಜೆ. ದುರಸ್ತಿಗೆಂದು ಯಾವುದಾದರೊಂದು ಕಟ್ಟಡ ತಿಂಗಳುಗಟ್ಟಲೆ ಮುಚ್ಚಿರುವುದೂ ಇಲ್ಲಿ ಸಾಮಾನ್ಯ. ಹೋಗುವವರು ಮೊದಲು ನೋಡಬೇಕಾದದ್ದು ಇದನ್ನು. ಬಣ್ಣ ಆಮೇಲೆ ತುಂಬಬಹುದು. ಬುಧವಾರಕ್ಕೆ ಬದಲಾಯಿಸಿ, ಹನ್ನೊಂದು ಗಂಟೆಯ ಚೀಟಿಯನ್ನು ಮೊಬೈಲಿನಲ್ಲೇ ಕೊಂಡೆ. ಸಾನ್‌ಸುಸಿ ಒಳಗೆ ಹೋಗಲು ಚೀಟಿಯ ಮೇಲೆ ಹೊತ್ತು ನಮೂದಾಗಿರುತ್ತದೆ. ಆ ಹೊತ್ತಿಗೆ ಬಾಗಿಲಲ್ಲಿರಬೇಕು.

ಸಾನ್‌ಸುಸಿ ಎಂದರೆ ಫ್ರೆಂಚಿನಲ್ಲಿ ಚಿಂತೆಯಿಲ್ಲದ್ದು. ನಮ್ಮಲ್ಲಿ ಮನೆಯ ಮುಂದೆ "ನಿಶ್ಚಿಂತ" ಎಂದು ಕಲ್ಲು ಕೆತ್ತಿಸುವುದಿಲ್ಲವೇ, ಹಾಗೆಯೇ ಎಂದು ವಿವರಿಸಿದೆ. "ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಮನೆಗೇ ಆ ಹೆಸರು ಇಡುವುದು" ಎಂದಳು ಅಮ್ಮ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. 1745ರಿಂದ 1747ರವರೆಗೆ ಪ್ರಷ್ಯದ ರಾಜ ಎರಡನೆಯ ಫ್ರೆಡ್ರಿಕ್ ಆ ಮನೆ ಕಟ್ಟಿಸುವಾಗ ಸೈಲೀಸಿಯಾ ಎಂಬ ಸೀಮೆಗಾಗಿ ಆಗಲೇ ಆಸ್ಟ್ರಿಯದ ಜೊತೆ ಹೊಡೆದಾಡುತ್ತಿದ್ದ. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಅದಕ್ಕಿಂತ ದೊಡ್ಡ, ಏಳು ವರ್ಷ ಎಳೆದ ಯುದ್ಧಕ್ಕೆ ಕೈಹಾಕಿದ. ಗೋಡೆಯ ಮೇಲಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಒಂದು ಅಲ್ಪವಿರಾಮವಿದೆ, ಕೊನೆಗೊಂದು ಪೂರ್ಣವಿರಾಮ. ವ್ಯಾಕರಣಕ್ಕೆ ಬೇಡದ ಆ ಅಲ್ಪವಿರಾಮ ಅಲ್ಲೇಕೆ ಬಂತು ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. "ಇಲ್ಲ" ಎಂದು ಹೇಳಿ ಒಂದು ಉಸಿರು ನಿಲ್ಲಿಸಿ "ಚಿಂತೆ" ಎಂದನೇನೋ ಎಂದು ನನ್ನ ಊಹೆ. ಊಹೆಗೆ ಕಾಸು ಕೊಡಬೇಕಿಲ್ಲ.

ಹಾಸನದವಳಾದ ಅಮ್ಮನಿಗೆ ಅರಮನೆ ಎಂದರೆ ಮೈಸೂರಿನದು. ಆನೆ ಹೋಗುವ ಬಾಗಿಲು, ಗುಮ್ಮಟ, ಭಾನುವಾರ ಸಂಜೆಯ ದೀಪ. ಹೀಗಾಗಿ ಸಾನ್‌ಸುಸಿಯ ಚಿತ್ರ ತೋರಿಸಿದಾಗ ಅವಳ ಮುಖ ಸಪ್ಪಗಾಯಿತು. ಒಂದೇ ಅಂತಸ್ತು. ಹಳದಿ ಬಣ್ಣದ, ಉದ್ದಕ್ಕೆ ಮಲಗಿಸಿದಂಥ ಮನೆ. ಒಳಗೆ ಮುಖ್ಯ ಕೋಣೆಗಳು ಹನ್ನೆರಡೇ. "ಇದಕ್ಕಿಂತ ನಮ್ಮ ತಾಲ್ಲೂಕು ಕಚೇರಿ ಎತ್ತರವಾಗಿದೆ" ಎಂದಳು. ಇಲ್ಲಿ ನಾನು ರಾಜನ ಪರ ವಕಾಲತ್ತು ವಹಿಸಬೇಕಾಯಿತು. ಎತ್ತರ ಕಡಿಮೆಯಾದದ್ದು ಅವನದೇ ಹಟದಿಂದ. ವಾಸ್ತುಶಿಲ್ಪಿ ಕ್ನೋಬೆಲ್ಸ್‌ಡಾರ್ಫ್, ಕೆಳಗೊಂದು ನೆಲಮಾಳಿಗೆ ಕೊಟ್ಟು ಮನೆಯನ್ನು ಎತ್ತರಿಸೋಣ, ಇಲ್ಲವಾದರೆ ಕೆಳಗಿನಿಂದ ನೋಡುವವರಿಗೆ ಮೆಟ್ಟಿಲ ಅಂಚಿನಲ್ಲಿ ಅರ್ಧ ಮನೆ ಮುಳುಗಿದಂತೆ ಕಾಣುತ್ತದೆ, ಥಂಡಿಯೂ ಏರುತ್ತದೆ ಎಂದ. ರಾಜ ಒಪ್ಪಲಿಲ್ಲ. ಕೋಣೆಯಿಂದ ಕಾಲಿಟ್ಟರೆ ನೇರ ತೋಟಕ್ಕೆ ಬೀಳಬೇಕು, ನಡುವೆ ಒಂದು ಮೆಟ್ಟಿಲೂ ಇರಬಾರದು ಎಂಬುದು ಅವನ ಆಸೆ. ಕಟ್ಟಿದ ಮೇಲೆ ಕ್ನೋಬೆಲ್ಸ್‌ಡಾರ್ಫ್ ಹೇಳಿದಂತೆಯೇ ಆಯಿತು. ಈಗಲೂ ಕೊಳದ ಬಳಿ ನಿಂತು ನೋಡಿದರೆ ಮನೆಯ ಬುಡ ಕಾಣುವುದಿಲ್ಲ.

"ಮೆಟ್ಟಿಲಿಲ್ಲದ ಮನೆ ಬೇಕು ಎಂದನಲ್ಲ, ಅವನಿಗೂ ಮಂಡಿ ನೋವಿತ್ತೇನೋ" ಎಂದು ಅಮ್ಮ ಮೊದಲ ಬಾರಿಗೆ ರಾಜನ ಬಗ್ಗೆ ಕನಿಕರ ತೋರಿಸಿದಳು. ಅವನಿಗೆ ಇದ್ದದ್ದು ಕೀಲುವಾತ. ಅದೂ ನಿಜವೇ.

ಆದರೆ ಮನೆಗೆ ಮೆಟ್ಟಿಲಿಲ್ಲದಿದ್ದರೇನು, ಮನೆಯ ಮುಂದೆ 132 ಇವೆ. ಗುಡ್ಡದ ಇಳಿಜಾರನ್ನು ಆರು ಹಂತವಾಗಿ ಕಡಿದು ದ್ರಾಕ್ಷಿ ಹಾಕಿಸಿ, ನಡುವೆ ಆ ಸೋಪಾನ ಇಳಿಸಿದ್ದಾರೆ. ಪ್ರತಿ ಹಂತದ ಗೋಡೆಯಲ್ಲೂ ಗಾಜಿನ ಬಾಗಿಲಿನ ಗೂಡುಗಳು, ಒಟ್ಟು 168. ಒಳಗೆ ಅಂಜೂರದ ಗಿಡ, ಹೊರಗೆ ದ್ರಾಕ್ಷಿ ಬಳ್ಳಿ. ಚಳಿಯ ನಾಡಿನಲ್ಲಿ ಅಂಜೂರ ತಿನ್ನಬೇಕೆಂದರೆ ಗಿಡಕ್ಕೂ ಗಾಜಿನ ಕದ ಬೇಕು. ತಾನು ಹರೆಯದಲ್ಲಿ ಶ್ರವಣಬೆಳಗೊಳದ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದವಳು, 132 ಯಾವ ಲೆಕ್ಕ ಎಂದಳು ಅಮ್ಮ. ಹೇಳುತ್ತಲೇ ಎಡಮಂಡಿಯನ್ನು ಅಂಗೈಯಿಂದ ನೀವಿಕೊಳ್ಳುತ್ತಿದ್ದಳು. ನಾನು ನೋಡಿದ್ದನ್ನು ನೋಡಿ ಕೈ ತೆಗೆದಳು.

ಆ ರಾತ್ರಿ ನಕಾಶೆಯನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದಾಗ ದಾರಿ ಸಿಕ್ಕಿತು. ಪಾಟ್ಸ್‌ಡಾಮ್ ರೈಲುನಿಲ್ದಾಣದಿಂದ ಹೊರಡುವ 695 ನಂಬರಿನ ಬಸ್ಸು ಅರಮನೆಯ ಮುಂದೆ ನಿಲ್ಲುವುದಿಲ್ಲ, ಹಿಂದೆ ನಿಲ್ಲುತ್ತದೆ. ಹಿಂದೆ ಎಂದರೆ ಗುಡ್ಡದ ಮೇಲೆ, ಗಾಳಿಗಿರಣಿಯ ಪಕ್ಕದಲ್ಲಿ. ಅಲ್ಲಿಂದ ಅರಮನೆಯ ಬಾಗಿಲಿಗೆ ಮೆಟ್ಟಿಲ ಸಾಲು ಹತ್ತಬೇಕಿಲ್ಲ. ಎಲ್ಲ ಪ್ರವಾಸ ಪುಸ್ತಕಗಳೂ ಕೆಳಗಿನಿಂದ ಮೇಲೆ ಹತ್ತಿಸುತ್ತವೆ, ಫೋಟೊ ಚೆನ್ನಾಗಿ ಬರುತ್ತದೆಂದು. ನಾವು ಮೇಲಿನಿಂದ ಶುರುಮಾಡುವುದು. ಕೆಳಗಿಳಿಯಲೇಬೇಕೆಂದರೆ ಮೆಟ್ಟಿಲಿನ ಎರಡೂ ಬದಿಗೆ ಇಳಿಜಾರು ದಾರಿಯಿದೆ. ಇಳಿದವರು ಹತ್ತಬೇಕೆಂಬುದೂ ಇಲ್ಲ. ಕೆಳಗೆ ಉದ್ಯಾನದ ಸಮತಟ್ಟು ದಾರಿ ಹಿಡಿದು ಊರ ಕಡೆ ಹೊರಟುಬಿಡಬಹುದು.

ಪಟ್ಟಿ ಕರಗಲು ಶುರುವಾದದ್ದು ಇಲ್ಲಿಂದ. ಹೊಸ ಅರಮನೆ ಸಾನ್‌ಸುಸಿಯಿಂದ ಪಶ್ಚಿಮಕ್ಕೆ ಉದ್ಯಾನದ ಇನ್ನೊಂದು ಕೊನೆಯಲ್ಲಿದೆ. ಏಳು ವರ್ಷದ ಯುದ್ಧ ಮುಗಿದ 1763ರಲ್ಲಿ, ಪ್ರಷ್ಯ ಇನ್ನೂ ಬರಿಗೈಯಾಗಿಲ್ಲ ಎಂದು ಲೋಕಕ್ಕೆ ತೋರಿಸಲು ರಾಜ ಅದನ್ನು ಶುರುಮಾಡಿಸಿದ. ಇನ್ನೂರಕ್ಕೂ ಹೆಚ್ಚು ಕೋಣೆ. ಸ್ವತಃ ಅವನೇ ಅದನ್ನು ಬಡಾಯಿ ಎಂದು ಕರೆದ, ಅತಿಥಿಗಳನ್ನು ಅಲ್ಲಿ ಇಳಿಸಿ ತಾನು ಹನ್ನೆರಡು ಕೋಣೆಯ ಮನೆಯಲ್ಲೇ ಉಳಿದ. ರಾಜನೇ ಇರಲು ಬಯಸದ ಮನೆಗೆ ನಾವೇಕೆ ಅಷ್ಟು ದೂರ ನಡೆಯಬೇಕು? ಹೊಡೆದುಹಾಕಿದೆ. ಸಿಸಿಲಿಯನ್‌ಹೋಫ್ ಬಿಡುವಾಗ ಮಾತ್ರ ಸಂಕಟವಾಯಿತು. 1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ ಟ್ರೂಮನ್, ಸ್ಟಾಲಿನ್, ಚರ್ಚಿಲ್ ಅಲ್ಲಿ ದುಂಡು ಮೇಜಿನ ಸುತ್ತ ಕೂತು ಸೋತ ಜರ್ಮನಿಯನ್ನು ಏನು ಮಾಡುವುದೆಂದು ತೀರ್ಮಾನಿಸಿದರು. ನಡುವೆ ಬ್ರಿಟನ್ನಿನ ಚುನಾವಣೆಯ ಫಲಿತಾಂಶ ಬಂದು ಚರ್ಚಿಲ್ಲನ ಕುರ್ಚಿಯಲ್ಲಿ ಆಟ್ಲಿ ಬಂದು ಕೂತ. ಇದನ್ನೆಲ್ಲ ಹುಮ್ಮಸ್ಸಿನಿಂದ ಹೇಳಿದೆ. "ಮೇಜು ನೋಡಲು ಇನ್ನೊಂದು ಬಸ್ಸೇ?" ಎಂದಳು. ನಮ್ಮ ಸ್ವಾತಂತ್ರ್ಯಕ್ಕೆ ಸಹಿ ಹಾಕಿದ ಸರಕಾರ ಆ ಆಟ್ಲಿಯದೇ ಎಂದು ಒತ್ತಿ ಹೇಳಿ ನೋಡಿದೆ. ನಡೆಯಲಿಲ್ಲ.

ಗ್ಲೀನಿಕೆ ಸೇತುವೆ, ಗೋಪುರ, ರಷ್ಯನ್ ಮನೆಗಳು ಒಂದೇ ಏಟಿಗೆ ಹೋದವು. ಉಳಿದದ್ದು ಅರಮನೆ, ಗಾಳಿಗಿರಣಿ, ಕಾರಂಜಿ, ಆಮೇಲೆ ಕಾಫಿಗೆ ಡಚ್ಚರ ಕೇರಿ. ಫ್ರೆಡ್ರಿಕ್‌ನ ಅಪ್ಪ ಹಾಲೆಂಡಿನ ಕುಶಲಕರ್ಮಿಗಳನ್ನು ಕರೆಸಿ ನೆಲೆಗೊಳಿಸಬೇಕೆಂದು 1730ರ ದಶಕದಲ್ಲಿ ಕಟ್ಟಿಸಲು ತೊಡಗಿದ, ಕೆಂಪು ಇಟ್ಟಿಗೆಯ 134 ಮನೆಗಳು. ನೆಲ ಸಮತಟ್ಟು, ಹೆಜ್ಜೆಗೊಂದು ಕಾಫಿ ಅಂಗಡಿ, ಅಂಗಡಿಯ ಮುಂದೆ ಕುರ್ಚಿ. ಅಮ್ಮನ ಕಾಲಮ್ಮಿಗೆ ಕೊನೆಗೂ ಒಂದು ಟಿಕ್ ಬಿತ್ತು.

ಕಾರಂಜಿಯನ್ನು ಉಳಿಸಿದ್ದು ಅಪ್ಪ. ಅವರು ಬಂದಿಲ್ಲ, ಮೂರು ತಿಂಗಳು ಹಸು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ದಿನಾ ವಿಡಿಯೊ ಕರೆಯಲ್ಲಿ ಸಿಗುತ್ತಾರೆ, ಅರ್ಧ ಹಣೆ ಮತ್ತು ಕೊಟ್ಟಿಗೆಯ ಸೂರು ಕಾಣುವಂತೆ. ಅವತ್ತು ನಾನು ಅಮ್ಮನಿಗೆ ಕಾರಂಜಿಯ ಕಥೆ ಹೇಳುತ್ತಿದ್ದೆ. ಅರಮನೆಯ ಕೆಳಗಿನ ಕೊಳದಲ್ಲಿ ನೀರು ಚಿಮ್ಮಬೇಕು ಎಂಬುದು ಫ್ರೆಡ್ರಿಕ್‌ನ ಜೀವಮಾನದ ಆಸೆ. ಹಿಂದಿನ ಗುಡ್ಡದ ನೆತ್ತಿಯ ಮೇಲೆ ತೊಟ್ಟಿ ಕಟ್ಟಿಸಿದ. ತೊಟ್ಟಿ ಕಂಡರೆ ಅಂದಗೆಡುತ್ತದೆಂದು ಸುತ್ತಲೂ ರೋಮಿನ ಪಾಳುಗುಡಿಯಂಥ ಕಂಬ ನಿಲ್ಲಿಸಿದ. ಪಾಳನ್ನೇ ಹೊಸದಾಗಿ ಕಟ್ಟಿಸಿದ ಎನ್ನಿ. ಹಾವೆಲ್ ನದಿಯಿಂದ ಗಾಳಿಗಿರಣಿಯ ಬಲದಲ್ಲಿ ನೀರೆತ್ತುವುದು, ಟೊಳ್ಳು ಕೊರೆದ ಮರದ ಕೊಳವೆಗಳಲ್ಲಿ ಗುಡ್ಡ ಹತ್ತಿಸುವುದು...

"ಮರದ ಪೈಪೇ?" ಕೊಟ್ಟಿಗೆಯ ಸೂರು ಅಲುಗಿತು. ಅಪ್ಪನ ಪೂರ್ತಿ ಮುಖ ಬಂತು. "ಒಡೆಯದೆ ಇನ್ನೇನಾಗುತ್ತದೆ!"

ಒಡೆದವು. ಆಗ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯಲ್ಲಿದ್ದ ಮಹಾ ಗಣಿತಜ್ಞ ಆಯ್ಲರ್, ಈ ಒತ್ತಡವನ್ನು ಇಂಥ ಕೊಳವೆ ತಡೆಯದು ಎಂದು ಲೆಕ್ಕ ಹಾಕಿ ತೋರಿಸಿದ್ದ. ಕೇಳಿದವರಿಲ್ಲ. 1754ರ ಶುಭ ಶುಕ್ರವಾರದಂದು ಮಳೆ ಮತ್ತು ಹಿಮದ ನೀರು ತೊಟ್ಟಿಯಲ್ಲಿ ನಿಂತದ್ದರಿಂದ ಸ್ವಲ್ಪ ಹೊತ್ತು ನೀರು ಚಿಮ್ಮಿತಂತೆ. ರಾಜ ಕಂಡ ಕಾರಂಜಿ ಅಷ್ಟೇ. ಮುಪ್ಪಿನಲ್ಲಿ ಅವನು ಫ್ರೆಂಚ್ ಲೇಖಕ ವಾಲ್ಟೇರ್‌ಗೆ ಕಾಗದ ಬರೆದು ತಪ್ಪನ್ನೆಲ್ಲ ಆಯ್ಲರ್‌ನ ರೇಖಾಗಣಿತದ ತಲೆಗೆ ಕಟ್ಟಿದ. ಲೆಕ್ಕ ಸರಿಯಾಗಿಯೇ ಇತ್ತು, ಪೈಪಿಗೆ ದುಡ್ಡು ಹಾಕಲಿಲ್ಲ ಅಷ್ಟೇ ಎಂದೆ. ಅಪ್ಪ ತಮಗೇ ಆದ ಅನ್ಯಾಯವೆಂಬಂತೆ ತಲೆದೂಗಿದರು. ನಮ್ಮ ಕೆಳಗಿನ ಹೊಲಕ್ಕೆ ಕಡಿಮೆ ದರ್ಜೆಯ ಪೈಪು ಹಾಕಿಸಿ, ಮೂರು ಕಡೆ ಸೀಳಿ, ಕೊನೆಗೆ ಬೋರ್‌ವೆಲ್ ಕೊರೆದವನ ಮೇಲೆ ಅವರು ಹರಿಹಾಯ್ದದ್ದು ನನಗೆ ನೆನಪಿದೆ. ಬಾಯಿ ಬಿಡಲಿಲ್ಲ.

"ಕೊನೆಗೆ ನೀರು ಬಂತೋ ಇಲ್ಲವೋ?" ಎಂದರು. ಬಂತು, ಅವನು ಸತ್ತು 56 ವರ್ಷಕ್ಕೆ. 1842ರಲ್ಲಿ ನದಿಯ ದಂಡೆಯಲ್ಲಿ 80 ಅಶ್ವಶಕ್ತಿಯ ಹಬೆಯಂತ್ರ ಕೂರಿಸಿದರು. ಯಂತ್ರದ ಮನೆಯನ್ನು ಮಸೀದಿಯ ಆಕಾರದಲ್ಲಿ ಕಟ್ಟಿ, ಹೊಗೆಗೂಡನ್ನು ಮಿನಾರು ಮಾಡಿದರು. ನೀರು 38 ಮೀಟರ್ ಎತ್ತರಕ್ಕೆ ಚಿಮ್ಮಿತು. "ಎಂಬತ್ತು ಎಚ್‌ಪಿ!" ಎಂದು ಅಪ್ಪ ಹೇಳಿದ ದನಿಯಲ್ಲಿ ಐದು ಎಚ್‌ಪಿ ಮೋಟಾರಿನ ಮನುಷ್ಯನ ಅಸೂಯೆ ಪೂರ್ತಿ ಇತ್ತು. "ಅಮ್ಮನಿಗೆ ಅದನ್ನು ತೋರಿಸು. ಫೋಟೊ ಹಾಕು." ಹಾಗಾಗಿ ಕಾರಂಜಿ ಪಟ್ಟಿಯಲ್ಲಿ ಉಳಿಯಿತು. ಸೆಪ್ಟೆಂಬರ್ ಆದ್ದರಿಂದ ನೀರೂ ಬಿಟ್ಟಿರುತ್ತಾರೆ. ಚಳಿಗಾಲದಲ್ಲಿ ಕಾರಂಜಿ ನಿಲ್ಲುತ್ತದೆ; ಕೊಳದ ಸುತ್ತಲಿನ ಅಮೃತಶಿಲೆಯ ಮೂರ್ತಿಗಳಿಗೂ ಒಂದೊಂದು ಮರದ ಪೆಟ್ಟಿಗೆ ತೊಡಿಸಿ ಮುಚ್ಚಿಬಿಡುತ್ತಾರೆ. ನಾನು ಮೊದಲ ಸಲ ಹೋದದ್ದು ಜನವರಿಯಲ್ಲಿ. ನೋಡಿದ್ದು ಬೂದು ಬಣ್ಣದ ಪೆಟ್ಟಿಗೆಗಳ ಸಾಲನ್ನು.

ಗಾಳಿಗಿರಣಿಯ ಕಥೆ ಅಮ್ಮನಿಗೆ ಬಹಳ ಹಿಡಿಸಿತು. ಗಿರಣಿಯ ಸದ್ದಿಗೆ ಸಿಟ್ಟಾದ ರಾಜ, ಇದನ್ನು ಮಾರು, ಇಲ್ಲವಾದರೆ ಕಿತ್ತುಕೊಳ್ಳುತ್ತೇನೆ ಎಂದನಂತೆ. ಗಿರಣಿಯವನು, "ಕಿತ್ತುಕೊಳ್ಳಬಹುದು ದೊರೆಯೇ, ಬರ್ಲಿನ್ನಿನಲ್ಲಿ ನ್ಯಾಯಾಲಯ ಒಂದು ಇಲ್ಲದೇ ಹೋಗಿದ್ದರೆ" ಎಂದನಂತೆ. ಶಾಲೆಯ ಮಕ್ಕಳಿಗೆ ಹೇಳಲು ತಕ್ಕ ಕಥೆ, ನಡೆದದ್ದಲ್ಲ. ನಿಜದಲ್ಲಿ ದೂರು ಕೊಟ್ಟವನೇ ಗಿರಣಿಯವನು: ನಿಮ್ಮ ಅರಮನೆ ಎದ್ದ ಮೇಲೆ ನನಗೆ ಗಾಳಿ ಸಿಗುತ್ತಿಲ್ಲ ಎಂದು. ಇನ್ನೊಂದು ನಿಜವೂ ಇದೆ. 1779ರಲ್ಲಿ ಆರ್ನಾಲ್ಡ್ ಎಂಬ ಬೇರೊಬ್ಬ ಗಿರಣಿಯವನು, ಮೇಲಿನ ಜಮೀನುದಾರ ಮೀನಿನ ಹೊಂಡ ತೋಡಿ ನನ್ನ ನೀರು ಕಟ್ಟಿದ ಎಂದು ಕೋರ್ಟಿನಲ್ಲಿ ಸೋತು ರಾಜನ ಬಳಿ ಬಂದ. ರಾಜ ಅವನ ಪರ ನಿಂತು, ತೀರ್ಪು ಕೊಟ್ಟ ನ್ಯಾಯಾಧೀಶರನ್ನೇ ಸೆರೆಗೆ ಹಾಕಿಸಿದ. ರಾಜ ಸತ್ತ ಮೇಲೆ ನ್ಯಾಯಾಧೀಶರದೇ ಸರಿ ಎಂದು ತೀರ್ಮಾನವಾಯಿತು. ಯಾವುದು ಒಳ್ಳೆಯ ಕಥೆ ಎಂದು ಕೇಳಿದರೆ ಎರಡನೆಯದೇ ಎನ್ನುತ್ತೇನೆ ನಾನು. ಅಮ್ಮ ಮೊದಲನೆಯದನ್ನೇ ಮೊಮ್ಮಗನಿಗೆ ಹೇಳಿ ಮಲಗಿಸಿದಳು. ಈಗಿರುವ ಗಿರಣಿಯೂ ಮೂಲದ್ದಲ್ಲ, 1945ರಲ್ಲಿ ಸುಟ್ಟುಹೋದದ್ದನ್ನು ಆಮೇಲೆ ಮತ್ತೆ ಕಟ್ಟಿದ್ದು.

ರೈಲಿನ ವಿಷಯ ಬೇಗ ಮುಗಿಯಿತು. ಬರ್ಲಿನ್ ಮುಖ್ಯ ನಿಲ್ದಾಣದಿಂದ ಪ್ರಾದೇಶಿಕ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಪಾಟ್ಸ್‌ಡಾಮ್. ನಗರದ ಎಸ್7 ರೈಲಿಗೆ ಮುಕ್ಕಾಲು ಗಂಟೆ ಹತ್ತಿರ. ಅಮ್ಮ ಆರಿಸಿದ್ದು ನಿಧಾನದ್ದನ್ನು, ಅದರಲ್ಲಿ ಕೂರಲು ಜಾಗ ಸಿಗುತ್ತದೆಂದು. ಟಿಕೆಟ್ಟಿನ ಲೆಕ್ಕದಲ್ಲಿ ಪಾಟ್ಸ್‌ಡಾಮ್ ಸಿ ವಲಯಕ್ಕೆ ಸೇರುತ್ತದೆ. ಎ, ಬಿ ವಲಯಕ್ಕಷ್ಟೇ ಸಲ್ಲುವ ಬರ್ಲಿನ್ನಿನ ಚೀಟಿಯಲ್ಲಿ ಹೋಗಿ ಸಿಕ್ಕಿಬಿದ್ದರೆ 60 ಯೂರೊ ದಂಡ, ಅಲ್ಲಿ ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಎಸ್7ರಲ್ಲಿ ಹೋದರೆ ಪಾಟ್ಸ್‌ಡಾಮ್‌ಗೆ ಮೊದಲು ಬಾಬೆಲ್ಸ್‌ಬರ್ಗ್ ಬರುತ್ತದೆ, 1912ರಿಂದ ಸಿನಿಮಾ ತಯಾರಿಸುತ್ತಿರುವ ಜಾಗ. ಯುಎಫ್‌ಎ ಎಂಬ ದೊಡ್ಡ ಸಿನಿಮಾ ಕಂಪನಿಯ ಸ್ಟುಡಿಯೊ ಇದ್ದದ್ದು ಇಲ್ಲೇ. ಹಳೆಯ ಹಿಂದಿ ಸಿನಿಮಾದ ನಾಯಕಿ ದೇವಿಕಾ ರಾಣಿ ನಟನೆಯ ಪಾಠ ಕಲಿತದ್ದು ಆ ಸ್ಟುಡಿಯೊದಲ್ಲಿ. ಆಕೆ ಕೊನೆಗಾಲದಲ್ಲಿ ಬಾಳಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. ನಾನು ಇಲ್ಲಿಗೆ ಬರುವ ಮುಂಚೆ ನಾಲ್ಕು ವರ್ಷ ಅದೇ ರಸ್ತೆಯಲ್ಲಿ ಬಸ್ಸಿಗೆ ಕಾದಿದ್ದೇನೆ. ಬುಧವಾರ ಆ ನಿಲ್ದಾಣ ದಾಟುವಾಗ ಅಮ್ಮನಿಗೆ ತೋರಿಸಬೇಕು, ಇಳಿಯುವುದು ಬೇಡ.

ಇಷ್ಟರ ಮೇಲೂ ಅಮ್ಮನ ಉತ್ಸಾಹ ನನ್ನನ್ನು ಖುಷಿಪಡಿಸುವಷ್ಟೇ ಇತ್ತು. ಅದು ತಿರುಗಿದ್ದು ನಿನ್ನೆ, ಸಮಾಧಿಯ ಮಾತು ಬಂದಾಗ.

ಫ್ರೆಡ್ರಿಕ್ ಸಾನ್‌ಸುಸಿಯಲ್ಲೇ, ತನ್ನ ಆರಾಮ ಕುರ್ಚಿಯಲ್ಲಿ, 1786ರ ಆಗಸ್ಟ್ 17ರಂದು ತೀರಿಕೊಂಡ. ತನ್ನನ್ನು ಅರಮನೆಯ ಪಕ್ಕದ ಜಗತಿಯ ಮೇಲೆ, ತನ್ನ ಬೇಟೆನಾಯಿಗಳ ಗೋರಿಯ ಮಗ್ಗುಲಲ್ಲಿ, ರಾತ್ರಿ ಹೊತ್ತು, ಒಂದು ಲಾಟೀನು ಹಿಡಿದು, ಯಾವ ಆಡಂಬರವೂ ಇಲ್ಲದೆ ಹೂಳಬೇಕು ಎಂದು ಬರೆದಿಟ್ಟಿದ್ದ. ಪಟ್ಟಕ್ಕೆ ಬಂದ ತಮ್ಮನ ಮಗ ಕೇಳಲಿಲ್ಲ. ಚರ್ಚಿನಲ್ಲಿ ಅಪ್ಪನ ಪಕ್ಕದಲ್ಲಿ ಮಲಗಿಸಿದ. ಆ ಅಪ್ಪನಾದರೋ, ಹದಿನೆಂಟರ ಹರೆಯದ ಮಗ ತಪ್ಪಿಸಿಕೊಂಡು ಓಡಲು ನೋಡಿದನೆಂದು ಸೆರೆಯಲ್ಲಿಟ್ಟು, ಅವನ ಜೀವದ ಗೆಳೆಯನ ತಲೆ ಕಡಿಸಿದ್ದವನು. ಎರಡನೆಯ ಮಹಾಯುದ್ಧದಲ್ಲಿ ಶವಪೆಟ್ಟಿಗೆಗಳನ್ನು ಉಪ್ಪಿನ ಗಣಿಯಲ್ಲಿ ಬಚ್ಚಿಟ್ಟರು, ಅಲ್ಲಿಂದ ಮಾರ್ಬುರ್ಗ್, ಅಲ್ಲಿಂದ ದಕ್ಷಿಣದ ಕೋಟೆಯೊಂದಕ್ಕೆ. ಜರ್ಮನಿ ಒಂದಾದ ಮೇಲೆ, 1991ರ ಆಗಸ್ಟ್ 17ರಂದು, ಅವನು ಕೇಳಿದ್ದ ಜಾಗಕ್ಕೆ ತಂದರು.

"ಇನ್ನೂರೈದು ವರ್ಷ" ಎಂದು ಬೆರಳಲ್ಲಿ ಎಣಿಸಿದಳು ಅಮ್ಮ. "ನಾಯಿಗಳು ಕಾದವು, ಪಾಪ."

ಈಗ ಅಲ್ಲಿರುವುದು ಒಂದು ಚಪ್ಪಡಿ, ಅದರ ಮೇಲೆ ಹೆಸರು ಮಾತ್ರ. ಬಂದವರು ಹೂವಿಗಿಂತ ಹೆಚ್ಚಾಗಿ ಆಲೂಗಡ್ಡೆ ಇಟ್ಟು ಹೋಗುತ್ತಾರೆ ಎಂದೆ.

"ಏನು?"

ಆಲೂಗಡ್ಡೆ. ಇಲ್ಲಿನ ರೈತರು ಆಗ ಅದನ್ನು ಬೆಳೆಯಲು ಹಿಂದೆಮುಂದೆ ನೋಡುತ್ತಿದ್ದರು. 1756ರ ಮಾರ್ಚ್ 24ರಂದು ಫ್ರೆಡ್ರಿಕ್ ತನ್ನ ಸೈಲೀಸಿಯಾದ ಅಧಿಕಾರಿಗಳಿಗೆ ಆಜ್ಞೆ ಹೊರಡಿಸಿದ: ಇದರ ಲಾಭವನ್ನು ಜನಕ್ಕೆ ತಿಳಿಸಿ ಹೇಳಿ, ನೆಡಿಸಿ. ಹೊಲದ ಸುತ್ತ ಸಿಪಾಯಿಗಳನ್ನು ಸುಳ್ಳೇ ಕಾವಲಿಟ್ಟು, ಅಷ್ಟು ಬೆಲೆಬಾಳುವ ಬೆಳೆಯಿರಬೇಕು ಎಂದು ರೈತರು ಕದಿಯುವಂತೆ ಮಾಡಿದ ಎಂಬುದು ಕಟ್ಟುಕಥೆ. ಇದೇ ಕಥೆಯನ್ನು ಫ್ರಾನ್ಸಿನಲ್ಲಿ ಬೇರೆಯವರ ಹೆಸರಲ್ಲಿ ಹೇಳುತ್ತಾರೆ. ಆಜ್ಞೆ ಮಾತ್ರ ನಿಜ.

ಅಮ್ಮ ಸುಮ್ಮನಾದಳು. ಹಾಸನದ ಮನೆಗಳಲ್ಲಿ ಆಲೂಗಡ್ಡೆಯ ಮಾತು ತಮಾಷೆಯದಲ್ಲ. ನನ್ನ ಇಂಜಿನಿಯರಿಂಗ್ ಶುಲ್ಕದ ಮೊದಲೆರಡು ಕಂತು ಆ ಗಡ್ಡೆಯಿಂದ ಬಂತು. ಮೇ ತಿಂಗಳಲ್ಲಿ ಜಲಂಧರದ ಬಿತ್ತನೆ ಗಡ್ಡೆಯ ಲಾರಿಗಳು ಹಾಸನದ ಎಪಿಎಂಸಿಗೆ ಬಂದರೆ ಅಪ್ಪ ಬೆಳಗಿನ ಜಾವಕ್ಕೇ ಹೋಗಿ ನಿಲ್ಲುತ್ತಿದ್ದರು. ಮೂಟೆ ಮನೆಗೆ ಬಂದ ಮೇಲೆ ಹಜಾರದಲ್ಲಿ ಹರಡಿ, ಕಣ್ಣು ನೋಡಿ ಹೋಳು ಮಾಡುವ ಕೆಲಸ ಅಮ್ಮನದು. ಮೂರನೆಯ ಕಂತಿನ ವರ್ಷ ಅಂಗಮಾರಿ ಬಿತ್ತು. ಸಂಜೆ ಹಸಿರಾಗಿದ್ದ ಹೊಲ ಮೂರು ದಿನಕ್ಕೆ ಬಿಸಿನೀರು ಎರಚಿದಂತೆ ಕಪ್ಪಾಗಿ ಮಲಗಿತು. ಆಮೇಲೆ ಎರಡು ವರ್ಷ ನೋಡಿ, ಸುತ್ತಿನವರಂತೆ ಅಪ್ಪನೂ ಮುಸುಕಿನ ಜೋಳಕ್ಕೆ ಹೊರಳಿದರು. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಇವತ್ತು ಮಂಗಳವಾರ. ಚೀಟಿ ತಯಾರು, ಚಿತ್ರಾನ್ನಕ್ಕೆ ನಿಂಬೆಹಣ್ಣು ತಯಾರು, ಪ್ಲಾಸ್ಟರು, ನೋವಿನ ಎಣ್ಣೆ, ಮಡಚುವ ಛತ್ರಿ. ರಾತ್ರಿ ಊಟವಾದ ಮೇಲೆ ಅಮ್ಮ ಅಡಿಗೆಮನೆಯ ದೀಪ ಮತ್ತೆ ಹಾಕಿದ್ದನ್ನು ಕಂಡು ಹೋದೆ. ನೆಲದ ಮೇಲೆ ಎರಡು ಆಲೂಗಡ್ಡೆ ಚೀಲ. ಇಲ್ಲಿ ಚೀಲದ ಮೇಲೆಯೇ ಬರೆದಿರುತ್ತಾರೆ, ಇದು ಬೆಂದರೂ ಗಟ್ಟಿಯಾಗಿ ಉಳಿಯುವುದು, ಇದು ಹಿಟ್ಟಾಗುವುದು ಎಂದು. ಬಂದ ಹೊಸತರಲ್ಲಿ ಅಮ್ಮ ತಪ್ಪು ಚೀಲದಿಂದ ಪಲ್ಯ ಮಾಡಿ ಅಂಬಲಿಯಾಗಿತ್ತು.

"ರಾಜನಿಗೆ ಯಾವುದೇ? ಗಟ್ಟಿಯದೋ ಹಿಟ್ಟಿನದೋ?"

ಯಾವುದಾದರೂ ನಡೆಯುತ್ತದೆ ಎಂದೆ.

ಅವಳು ನನ್ನ ಮಾತಿಗೆ ಕಾದಿರಲಿಲ್ಲ. ಒಂದೊಂದನ್ನೂ ಎತ್ತಿ, ತಿರುಗಿಸಿ, ಹೆಬ್ಬೆರಳಿನಿಂದ ಸವರಿ, ಪಕ್ಕಕ್ಕಿಡುತ್ತಿದ್ದಳು. ಕೊನೆಗೆ ಚೀಲದ ತಳದಿಂದ, ನಾನಾಗಿದ್ದರೆ ಕಸಕ್ಕೆ ಎಸೆಯುತ್ತಿದ್ದ ಒಂದನ್ನು ತೆಗೆದಳು. ಸುಕ್ಕುಗಟ್ಟಿತ್ತು. ಮೂರು ಕಡೆ ನೇರಳೆ ಬಣ್ಣದ ಮೊಳಕೆ ಉಗುರಿನಷ್ಟು ಎದ್ದಿತ್ತು.

"ಕಣ್ಣು ಬಿಟ್ಟಿದೆ ನೋಡು" ಎಂದು, ಮೊಳಕೆ ಮುರಿಯದಂತೆ ಕಾಗದ ಸುತ್ತಿ, ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡಳು.